ತಿಂಗಳ ಸಾಮಾನು: ದಿನಬಳಕೆಯ ಪದಾರ್ಥಗಳ ಉದ್ಯಮದ ಗತಿ ಮತ್ತು ಮುನ್ನೋಟ

ಭಾರತ ಸರ್ಕಾರದ ರಾಷ್ಟ್ರೀಯ ಮಾದರಿ ಸಮೀಕ್ಷೆಯವರು 2023ರ ಆಗಸ್ಟ್ ಮೊದಲ್ಗೊಂಡು 2024ರ ಜುಲೈ ಪರ್ಯಂತ ಗ್ರಾಮ ನಗರಗಳೆರಡರಲ್ಲಿಯೂ ಸಂಸಾರಗಳನ್ನು ಆಯ್ದು, ಯಾವ ಪದಾರ್ಥಕ್ಕೆ ಎಷ್ಟು ಹಣ ವೆಚ್ಚವಾಗುತ್ತದೆಂದು ವಿಚಾರಿಸಿ ಬರೆದುಕೊಂಡ ಲೆಕ್ಕದಂತೆ, ಗ್ರಾಮವಾಸಿಯ ತಲಾ ಮಾಸಿಕ ವೆಚ್ಚ ಸರಾಸರಿ 4,122 ರೂಪಾಯಿ, ನಗರವಾಸಿಯದು 6,996 ರೂಪಾಯಿ. ಇದರಲ್ಲಿ ಆಹಾರಕ್ಕೆ ಸಲ್ಲುವ ಭಾಗ ಗ್ರಾಮದಲ್ಲಿ ಶೇಕಡ 47, ನಗರದಲ್ಲಿ ಶೇಕಡ 40ಕ್ಕೆ ತುಸು ಕಡಿಮೆ. ಕಾಲು ಶತಮಾನದ ಹಿಂದೆ, 1999-2000ದಲ್ಲಿ, ಗ್ರಾಮಗಳಲ್ಲಿ ಈ ಭಾಗ ಶೇಕಡ 59ನ್ನು ಮೀರಿತ್ತು. ವರಮಾನ ಏರಿದಂತೆಲ್ಲ ಆಹಾರಕ್ಕೆ ವ್ಯಯವಾಗುವ ಪಾಲು ಇಳಿಯುತ್ತದೆಂದು ಜರ್ಮನಿಯ ಸಂಖ್ಯಾಶಾಸ್ತ್ರಜ್ಞ ಅರ್ನ್ಸ್ಟ್ ಎಂಗೆಲ್ 1857ರಲ್ಲಿ ಪ್ರತಿಪಾದಿಸಿದ ಸೂತ್ರಕ್ಕೆ ಇದು ನಮ್ಮ ನಾಡಿನ ಸಾಕ್ಷ್ಯವೆಂದು ಹೇಳಬಹುದು. ಆದರೆ ಆಹಾರದ ಆ ಪಾಲಿನ ಒಳಗಣ ಹಂಚಿಕೆಯನ್ನು ನೋಡಿದಾಗ ಇನ್ನೂ ದೊಡ್ಡ ಪರಿವರ್ತನೆಯೊಂದು ಕಣ್ಣಿಗೆ ಬೀಳುತ್ತದೆ. ಅಕ್ಕಿ, ರಾಗಿ, ಜೋಳ, ಗೋಧಿಗಳಿಗೆಂದು ಗ್ರಾಮದ ಸಂಸಾರ ಅಂದು ತನ್ನ ವೆಚ್ಚದ ಶೇಕಡ 22ರಷ್ಟನ್ನು ತೆಗೆದಿರಿಸುತ್ತಿದ್ದರೆ, ಇಂದು ಅದು ಶೇಕಡ 5ರ ಆಸುಪಾಸಿಗೆ ಇಳಿದಿದೆ. ಪಾನೀಯ, ತಿನಿಸು, ಸಂಸ್ಕರಿತ ಆಹಾರಗಳೆಂಬ ಒಂದೇ ವರ್ಗ ಗ್ರಾಮದಲ್ಲಿ ಶೇಕಡ 10ನ್ನು ಸಮೀಪಿಸಿ, ನಗರದಲ್ಲಿ ಶೇಕಡ 11ನ್ನು ದಾಟಿ, ಆಹಾರವೆಚ್ಚದಲ್ಲಿ ಅಗ್ರಸ್ಥಾನವನ್ನು ಪಡೆದಿದೆ. ಧಾನ್ಯದ ಮೂಟೆಯಿಂದ ಉಳಿದ ಹಣ ಪೊಟ್ಟಣದ ಕಡೆಗೆ ಹರಿದಿದೆ.

ಈ ಪೊಟ್ಟಣದ ಲೋಕವೇ ಪ್ರಸ್ತುತ ಲೇಖನದ ವಿಷಯ. ಸಾಬೂನು, ಬಟ್ಟೆ ಒಗೆಯುವ ಪುಡಿ, ಹಲ್ಲುಜ್ಜುವ ಪೇಸ್ಟು, ತಲೆಗೆಣ್ಣೆ, ಚಹ, ಬಿಸ್ಕತ್ತು, ಸಾರಿನ ಪುಡಿ ಮೊದಲಾಗಿ, ಕೊಂಡು ಕೆಲವೇ ದಿನಗಳಲ್ಲಿ ಮುಗಿದುಹೋಗಿ ಮತ್ತೆ ಕೊಳ್ಳಬೇಕಾಗುವ ಪದಾರ್ಥಗಳನ್ನು ತಯಾರಿಸುವ ಈ ಉದ್ಯಮವು ಉಕ್ಕು ಸಿಮೆಂಟುಗಳ ಉದ್ಯಮದಂತೆ ದೇಶದ ನಕ್ಷೆಯ ಮೇಲೆ ಗೋಚರವಾಗುವಂಥದಲ್ಲವಾದರೂ, ಪ್ರತಿಯೊಂದು ಮನೆಯ ಬಚ್ಚಲಿಗೂ ಅಡಿಗೆಮನೆಗೂ ಪ್ರವೇಶ ಪಡೆದಿರುವುದರಿಂದ, ಜನಜೀವನದ ಮೇಲೆ ಇದರಷ್ಟು ನಿಕಟವಾದ ಪ್ರಭಾವ ಬೀರುವ ಉದ್ಯಮ ಬೇರೊಂದಿಲ್ಲ. ಇದಕ್ಕಿರುವ ನಿಜವಾದ ಬಂಡವಾಳ ಎರಡೇ: ಸಾಮಾನ್ಯ ಸಂಸಾರದ ಕೈಯಲ್ಲಿ ತಿಂಗಳ ಮೊದಲ ವಾರ ಉಳಿದಿರುವ ಹಣ, ಮತ್ತು ಪೊಟ್ಟಣದ ಮೇಲೆ ಅಚ್ಚಾದ ಮಾತಿನಲ್ಲಿ ಆ ಸಂಸಾರ ಇರಿಸಿರುವ ನಂಬಿಕೆ. ಕಳೆದ ನೂರಮೂವತ್ತಕ್ಕೂ ಹೆಚ್ಚು ವರ್ಷಗಳ ಏಳುಬೀಳುಗಳನ್ನು ಪರಿಶೀಲಿಸಿದರೆ, ಇವೆರಡನ್ನು ಗೌರವಿಸಿದ ಸಂಸ್ಥೆಗಳು ಬೆಳೆದವೆಂಬುದೂ, ಇವನ್ನು ಅಲಕ್ಷಿಸಿದವು ಎಷ್ಟೇ ಬಲಶಾಲಿಯಾಗಿದ್ದರೂ ಪೆಟ್ಟು ತಿಂದವೆಂಬುದೂ ವಿಶದವಾಗುತ್ತದೆ.

1888ರಲ್ಲಿ ಕಲ್ಕತ್ತೆಯ ಬಂದರಿನಲ್ಲಿ ಇಳಿದ ಸನ್‌ಲೈಟ್ ಸಾಬೂನಿನ ಪೆಟ್ಟಿಗೆಗಳ ಮೇಲೆ ಇಂಗ್ಲೆಂಡಿನ ಲೀವರ್ ಸೋದರರ ಹೆಸರು ಅಚ್ಚಾಗಿತ್ತು. ಅದಕ್ಕೆ ಮುನ್ನ ನಮ್ಮ ಮನೆಗಳಲ್ಲಿ ತಲೆಗೆ ಸೀಗೆ, ಮೈಗೆ ಕಡಲೆಹಿಟ್ಟು, ಬಟ್ಟೆಗೆ ಅಂಟುವಾಳ ಅಥವಾ ಚೌಳುಮಣ್ಣು, ಹಲ್ಲಿಗೆ ಬೇವಿನ ಕಡ್ಡಿ ಅಥವಾ ಇದ್ದಿಲು ಸಲ್ಲುತ್ತಿದ್ದು, ಇವೆಲ್ಲ ಕಾಡು, ಹೊಲ, ಒಲೆಗಳಿಂದ ಬಹುಮಟ್ಟಿಗೆ ಬೆಲೆಯಿಲ್ಲದೆ ಒದಗುತ್ತಿದ್ದವು. ಬೆಲೆಯಿಲ್ಲದ ವಸ್ತುವಿನ ಸ್ಥಾನದಲ್ಲಿ ಬೆಲೆಯುಳ್ಳ ವಸ್ತುವನ್ನು ಕೂರಿಸುವುದೇ ಈ ಉದ್ಯಮದ ಪ್ರಥಮ ಕಾರ್ಯವಾಯಿತು. ಇದರ ವಿರುದ್ಧ ಎದ್ದ ಸ್ವದೇಶೀ ಅಲೆಯು ಹಳೆಯ ಸೀಗೆಯ ಕಡೆಗೆ ಹಿಂದಿರುಗದೆ, ನಮ್ಮದೇ ಸಾಬೂನನ್ನು ಮಾಡುವ ಸಂಕಲ್ಪ ತೊಟ್ಟಿತೆಂಬುದು ಗಮನಾರ್ಹ. ಮೊದಲ ಮಹಾಯುದ್ಧದ ಕಾಲಕ್ಕೆ ಮುಂಬಯಿಯ ಗೋದ್ರೆಜ್ ಸಂಸ್ಥೆಯವರು ಪ್ರಾಣಿಗಳ ಕೊಬ್ಬಿಲ್ಲದೆ ಸಸ್ಯದ ಎಣ್ಣೆಯಿಂದಲೇ ಸಾಬೂನು ತಯಾರಿಸಿದರು. ಕೊಚ್ಚಿಯಲ್ಲಿ ಟಾಟಾ ಎಣ್ಣೆ ಕಾರ್ಖಾನೆ ಹುಟ್ಟಿತು. ನಮ್ಮ ನಂಜನಗೂಡಿನಲ್ಲಿ ವೈದ್ಯ ಬಿ. ವಿ. ಪಂಡಿತರು 1913ರಲ್ಲಿ ಸ್ಥಾಪಿಸಿದ ಸದ್ವೈದ್ಯಶಾಲೆಯಿಂದ ಹೊರಟ ಹಲ್ಲುಪುಡಿಯು ಊರಿನ ಹೆಸರನ್ನೇ ತನ್ನ ಹೆಸರಾಗಿಸಿಕೊಂಡು ಕನ್ನಡನಾಡಿನ ಮನೆಮನೆಗಳ ಬಚ್ಚಲ ಗೂಡುಗಳನ್ನು ಸೇರಿತು.

ಈ ಸಂದರ್ಭದಲ್ಲಿ ಮೈಸೂರು ಸಂಸ್ಥಾನದ ಪ್ರಯತ್ನವನ್ನು ಕುರಿತು ಕೊಂಚ ವಿಸ್ತಾರವಾಗಿ ಹೇಳುವುದು ಉಚಿತ. ಮೈಸೂರಿನ ಶ್ರೀಗಂಧದ ಮರವು ಅಲ್ಲಿಯವರೆಗೆ ಯುರೋಪಿಗೆ ಹಡಗಿನಲ್ಲಿ ಹೋಗಿ, ಅಲ್ಲಿ ಎಣ್ಣೆಯಾಗಿ, ಆ ಎಣ್ಣೆಯ ಲಾಭವನ್ನು ಅಲ್ಲಿಯವರಿಗೇ ಒಪ್ಪಿಸುತ್ತಿತ್ತು. 1914ರಲ್ಲಿ ಯುದ್ಧ ಒದಗಿ ಹಡಗಿನ ಮಾರ್ಗ ಕಟ್ಟಾದಾಗ ಸರ್ಕಾರದ ಕೋಠಿಗಳಲ್ಲಿ ಗಂಧದ ಕೊರಡುಗಳ ರಾಶಿ ಬೆಳೆಯಿತು. ಈ ವಿಪತ್ತನ್ನೇ ಅವಕಾಶವಾಗಿ ಪರಿವರ್ತಿಸಿದ್ದು ಕೃಷ್ಣರಾಜ ಒಡೆಯರ ಆಳಿಕೆಯ, ವಿಶ್ವೇಶ್ವರಯ್ಯನವರ ದಿವಾನಗಿರಿಯ ವಿವೇಕ. ಕೈಗಾರಿಕಾ ಇಲಾಖೆಯ ಆಲ್‌ಫ್ರೆಡ್ ಚಾಟರ್ಟನ್ನರ ಮುತುವರ್ಜಿಯಿಂದಲೂ ಬೆಂಗಳೂರಿನ ವಿಜ್ಞಾನ ಮಂದಿರದ ಆಚಾರ್ಯರಾದ ಸಡ್‌ಬರೋ ಮತ್ತು ವಾಟ್ಸನ್ನರ ನೆರವಿನಿಂದಲೂ ಎಣ್ಣೆ ಇಳಿಸುವ ಕ್ರಮ ಸಿದ್ಧಿಸಿತು. ಬೆಂಗಳೂರಿನಲ್ಲಿ 1916ರಲ್ಲಿಯೂ ಮೈಸೂರಿನಲ್ಲಿ ಅದರ ಮರುವರ್ಷವೂ ಗಂಧದೆಣ್ಣೆಯ ಕಾರ್ಖಾನೆಗಳು ನಿಂತವು. ಸೋಸಲೆ ಗರಳಪುರಿ ಶಾಸ್ತ್ರಿಗಳೆಂಬ ರಸಾಯನಶಾಸ್ತ್ರಜ್ಞರನ್ನು ಇಂಗ್ಲೆಂಡಿಗೆ ಕಳುಹಿಸಿ ಸಾಬೂನಿನ ವಿದ್ಯೆಯನ್ನು ಕಲಿಸಿ ಕರೆತರಲಾಯಿತು. ಹೀಗೆ ಹುಟ್ಟಿದ ಮೈಸೂರು ಸ್ಯಾಂಡಲ್ ಸೋಪು, ಶರಭದ ಲಾಂಛನವನ್ನು ಹೊತ್ತು, ಅಂಡಾಕೃತಿಯ ಬಿಲ್ಲೆಯಾಗಿ, ಒಡವೆಯ ಪೆಟ್ಟಿಗೆಯನ್ನು ಹೋಲುವ ರಟ್ಟಿನ ಪೆಟ್ಟಿಗೆಯಲ್ಲಿ ಹೊರಬಂದಿತು. ಕಚ್ಚಾಪದಾರ್ಥವನ್ನು ಹೊರಗೆ ಕಳುಹಿಸಿ ಸಿದ್ಧವಸ್ತುವನ್ನು ಕೊಳ್ಳುತ್ತಿದ್ದ ನಾಡೊಂದು ಆ ವ್ಯವಹಾರವನ್ನು ತಲೆಕೆಳಗು ಮಾಡಿದ ಈ ವೃತ್ತಾಂತವನ್ನು ನಮ್ಮ ವಾಣಿಜ್ಯದ ವಿದ್ಯಾರ್ಥಿಗಳು ಇನ್ನೂ ಹೆಚ್ಚು ಶ್ರದ್ಧೆಯಿಂದ ಓದತಕ್ಕದ್ದು.

ಸ್ವಾತಂತ್ರ್ಯದ ಆಸುಪಾಸಿನ ದಶಕಗಳನ್ನು ಬೇಗನೆ ದಾಟಬಹುದು. 1937ರಲ್ಲಿ ಡಾಲ್ಡಾ ಬಂದು ತುಪ್ಪದ ಸ್ಥಾನದ ಮೇಲೆ ಕಣ್ಣಿಟ್ಟಿತು. ಲೀವರರ ಭಾರತೀಯ ಶಾಖೆಗಳು 1956ರಲ್ಲಿ ಹಿಂದೂಸ್ತಾನ್ ಲೀವರ್ ಎಂದು ಒಂದುಗೂಡಿದವು. 1959ರಲ್ಲಿ ಬಟ್ಟೆ ಒಗೆಯುವ ಪುಡಿಯಾದ ಸರ್ಫ್ ಬಂದಿತು. 1961ರಲ್ಲಿ ಪ್ರಕಾಶ ಟಂಡನ್ನರು ಆ ಸಂಸ್ಥೆಯ ಪ್ರಥಮ ಭಾರತೀಯ ಅಧ್ಯಕ್ಷರಾದರು. ಪರವಾನಗಿಯ ಮತ್ತು ಬೆಲೆನಿಯಂತ್ರಣದ ಆ ಕಾಲದಲ್ಲಿ ಪೇಟೆ ಚಿಕ್ಕದಾಗಿತ್ತು, ಸ್ಪರ್ಧೆ ವಿರಳವಾಗಿತ್ತು. ಕೊಳ್ಳುವವರೆಂದರೆ ನಗರದ ಮಧ್ಯಮವರ್ಗದವರೆಂಬ ಭಾವನೆ ತಯಾರಕರಲ್ಲಿ ಬಲವಾಗಿ ಬೇರೂರಿತ್ತು.

ಆ ಭಾವನೆಯ ಬುಡವನ್ನು ಕಡಿದದ್ದು ಅಹಮದಾಬಾದಿನಲ್ಲಿ ಗುಜರಾತ್ ಸರ್ಕಾರದ ಇಲಾಖೆಯೊಂದರಲ್ಲಿ ರಸಾಯನಜ್ಞರಾಗಿದ್ದ ಕರ್ಸನ್‌ಭಾಯಿ ಪಟೇಲರು. 1969ರಲ್ಲಿ ಅವರು ತಮ್ಮ ಮನೆಯ ಹಿತ್ತಿಲಲ್ಲಿ ಬೆರೆಸಿದ ಹಳದಿ ಪುಡಿಯನ್ನು ಮಗಳ ಹೆಸರಿನಿಂದ ನಿರ್ಮಾ ಎಂದು ಕರೆದು, ಸೈಕಲ್ಲಿನ ಮೇಲೆ ಹೇರಿಕೊಂಡು ಮನೆಮನೆಗೆ ಹೋಗಿ, ಸರ್ಫಿನ ಬೆಲೆಯ ಮೂರನೆಯ ಒಂದಂಶಕ್ಕಿಂತಲೂ ಕಡಿಮೆಗೆ ಮಾರಿದರು. ಬಟ್ಟೆ ಒಗೆಯುವ ಪುಡಿ ತಮಗಲ್ಲವೆಂದು ತಿಳಿದಿದ್ದ ಕೋಟ್ಯಂತರ ಗೃಹಿಣಿಯರು ಅದನ್ನು ಕೊಂಡರು. ಸರ್ಫಿನ ಗಿರಾಕಿಗಳನ್ನು ಕಸಿದುದಕ್ಕಿಂತಲೂ ಹೆಚ್ಚಾಗಿ, ಸರ್ಫಿನವರು ಗಿರಾಕಿಗಳೆಂದೇ ಎಣಿಸದಿದ್ದ ಜನರನ್ನು ನಿರ್ಮಾ ಪೇಟೆಗೆ ಕರೆತಂದಿತೆಂಬುದೇ ಇದರ ಐತಿಹಾಸಿಕ ಮಹತ್ವ. ಬಲಾಢ್ಯವಾದ ಲೀವರ್ ಸಂಸ್ಥೆಯು 1980ರ ದಶಕದ ಕೊನೆಯಲ್ಲಿ ವೀಲ್ ಎಂಬ ಅಗ್ಗದ ಪುಡಿಯನ್ನು ತಂದು ತನ್ನ ತಪ್ಪನ್ನು ತಿದ್ದಿಕೊಳ್ಳಬೇಕಾಯಿತು.

ಎರಡನೆಯ ಕ್ರಾಂತಿ ನಮ್ಮ ನೆರೆಯ ಕಡಲೂರಿನಿಂದ ಬಂದಿತು. ಅಲ್ಲಿಯ ಚಿನ್ನಿ ಕೃಷ್ಣನ್ ಎಂಬವರು ದ್ರವಪದಾರ್ಥವನ್ನು ಒಂದು ಸಲದ ಬಳಕೆಗಾಗುವಷ್ಟು ಸಣ್ಣ ಪೊಟ್ಟಣದಲ್ಲಿ, ಎಂದರೆ ಸ್ಯಾಶೆಯಲ್ಲಿ, ತುಂಬುವ ಉಪಾಯವನ್ನು ರೂಢಿಗೆ ತಂದರು. ಅವರ ಮಗ ಸಿ. ಕೆ. ರಂಗನಾಥನ್ 1983ರಲ್ಲಿ ಚಿಕ್ ಶಾಂಪೂವನ್ನು ಆರಂಭಿಸಿ ಆ ಉಪಾಯವನ್ನು ಹಳ್ಳಿಹಳ್ಳಿಗೆ ಒಯ್ದರು. ದಿನಗೂಲಿಯವನಿಗೆ ತಿಂಗಳ ಸಾಮಾನು ಎಂಬುದಿಲ್ಲ. ಅವನ ವರಮಾನ ದಿನದ್ದು, ಆದಕಾರಣ ಅವನ ಖರೀದಿಯೂ ದಿನದ್ದೇ. ಬಾಟಲಿಯ ಬೆಲೆಯನ್ನು ಒಮ್ಮೆಗೇ ತೆರಲಾರದ ಕೂಲಿಕಾರ್ತಿಯು ಐವತ್ತು ಪೈಸೆಯ ಸ್ಯಾಶೆಯನ್ನು ಕೊಂಡು ಹಬ್ಬದ ದಿನ ತಲೆಗೆ ಮೀಯಬಲ್ಲವಳಾದಳು. ಪೆಟ್ಟಿಗೆ ಅಂಗಡಿಯ ಮುಂದೆ ಸರಗಳಾಗಿ ತೂಗಾಡುವ ಈ ಸ್ಯಾಶೆಗಳೇ ಬಹುಕಾಲ ನಮ್ಮ ಶಾಂಪೂ ಮಾರಾಟದ ಪ್ರಧಾನ ಅಂಗವಾಗಿ ನಿಂತವು. ಕೊಯಮತ್ತೂರಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಆಚಾರ್ಯರಾಗಿದ್ದ ಸಿ. ಕೆ. ಪ್ರಹ್ಲಾದರು 2004ರ ತಮ್ಮ ಪ್ರಸಿದ್ಧ ಗ್ರಂಥದಲ್ಲಿ ಬಡವರನ್ನೂ ಗ್ರಾಹಕರೆಂದು ಗೌರವಿಸುವ ಉದ್ಯಮವೇ ಲಾಭವನ್ನೂ ಪಡೆಯುವುದೆಂದು ಸಾಧಿಸಿದಾಗ, ಈ ದಕ್ಷಿಣ ಭಾರತದ ಸ್ಯಾಶೆ ಜಗತ್ತಿನ ವಾಣಿಜ್ಯ ವಿದ್ಯಾಲಯಗಳ ಪಾಠವಾಯಿತು.

ಆದರೆ ಅಲ್ಪಬೆಲೆಯ ಈ ತಂತ್ರದ ಗರ್ಭದಲ್ಲಿಯೇ ಇಂದಿನ ಮುಖ್ಯ ಸಮಸ್ಯೆಯೂ ಅಡಗಿತ್ತು. ಐದು ರೂಪಾಯಿ, ಹತ್ತು ರೂಪಾಯಿ, ಇಪ್ಪತ್ತು ರೂಪಾಯಿ ಎಂಬ ಬೆಲೆಗಳು ಗಿರಾಕಿಯ ಮನಸ್ಸಿನಲ್ಲಿ ಒಮ್ಮೆ ನೆಲೆಸಿದ ಮೇಲೆ ತಯಾರಕನು ಅವನ್ನು ಮೀರುವ ಧೈರ್ಯ ಮಾಡನು. ಕಚ್ಚಾಪದಾರ್ಥದ ಬೆಲೆ ಏರಿದಾಗ, ಹೊದಿಕೆಯನ್ನು ಹಾಗೆಯೇ ಇರಿಸಿ ಒಳಗಣ ತೂಕವನ್ನು ಕೆಲವು ಗ್ರಾಮುಗಳಷ್ಟು ಇಳಿಸುವನು. ಮಕ್ಕಳಿಂದ ಮುದುಕರವರೆಗೆ ಎಲ್ಲರೂ ಬಲ್ಲ ಪಾರ್ಲೆ-ಜಿ ಬಿಸ್ಕತ್ತಿನ ಸಣ್ಣ ಪೊಟ್ಟಣವು ದಶಕಗಳ ಕಾಲ ತನ್ನ ಬೆಲೆಯನ್ನು ಹೆಚ್ಚುಕಡಿಮೆ ಕಾಯ್ದುಕೊಂಡು, ಗಾತ್ರದಲ್ಲಿ ಮಾತ್ರ ಕ್ಷೀಣಿಸುತ್ತ ಬಂದಿರುವುದು ಇದಕ್ಕೆ ಸುಪರಿಚಿತ ನಿದರ್ಶನ. 2021ರಿಂದ 2023ರವರೆಗಿನ ಬೆಲೆಯೇರಿಕೆಯ ಕಾಲದಲ್ಲಿ ಇದು ಸಾರ್ವತ್ರಿಕ ಪದ್ಧತಿಯೇ ಆಯಿತು. ಸಾಬೂನಿಗೂ ಬಿಸ್ಕತ್ತಿಗೂ ಬೇಕಾದ ತಾಳೆಯೆಣ್ಣೆಯನ್ನು ನಾವು ಇಂಡೋನೇಷಿಯ, ಮಲೇಷಿಯಗಳಿಂದ ತರಿಸಿಕೊಳ್ಳುತ್ತೇವೆ. 2022ರ ಏಪ್ರಿಲ್ ಕೊನೆಯಲ್ಲಿ ಇಂಡೋನೇಷಿಯ ಸರ್ಕಾರ ಕೆಲವು ವಾರ ರಫ್ತನ್ನೇ ನಿಲ್ಲಿಸಿದಾಗ, ಜಕಾರ್ತದ ಒಂದು ಆಜ್ಞೆಯು ಜಗಳೂರಿನ ಸಂತೆಯಲ್ಲಿ ಮಾರುವ ಸಾಬೂನಿನ ತೂಕವನ್ನು ಅಲುಗಿಸಬಲ್ಲದೆಂಬುದು ಪ್ರತ್ಯಕ್ಷವಾಯಿತು. ನಮ್ಮ ಖಾದ್ಯತೈಲದ ಅರ್ಧಕ್ಕಿಂತ ಹೆಚ್ಚು ಭಾಗ ಹೊರಗಿನಿಂದ ಬರುತ್ತಿರುವವರೆಗೆ ಈ ಪರಾಧೀನತೆ ತಪ್ಪುವಂತಿಲ್ಲ.

2025ರ ಸೆಪ್ಟೆಂಬರ್ 22ರಿಂದ ಸರಕು ಮತ್ತು ಸೇವಾ ತೆರಿಗೆಯ ದರಗಳಲ್ಲಿ ಆದ ಇಳಿಕೆಯು ಈ ಉದ್ಯಮಕ್ಕೆ ಎಂಟು ವರ್ಷಗಳಲ್ಲಿ ಒದಗಿದ ಅತಿದೊಡ್ಡ ಉಪಕಾರ. ಮೈಸಾಬೂನು, ಶಾಂಪೂ, ತಲೆಗೆಣ್ಣೆ, ಹಲ್ಲಿನ ಪೇಸ್ಟು, ಬಿಸ್ಕತ್ತುಗಳ ಮೇಲಣ ತೆರಿಗೆ ಶೇಕಡ 18ರಿಂದ 5ಕ್ಕೆ ಇಳಿಯಿತು. ಬಟ್ಟೆ ಒಗೆಯುವ ಪುಡಿ ಮಾತ್ರ ಹಳೆಯ ದರದಲ್ಲಿಯೇ ಉಳಿಯಿತೆಂಬುದು, ಮೈಗಿಂತ ಬಟ್ಟೆಯ ಶುಚಿ ಕಡಿಮೆ ಅಗತ್ಯವೆಂದು ಯಾವ ಮನೆಯಾಕೆಯೂ ಭಾವಿಸಲಾರಳಾದ್ದರಿಂದ, ನನಗೆ ಸಮಂಜಸವಾಗಿ ಕಾಣುವುದಿಲ್ಲ. ಇಳಿಕೆಯ ಫಲವನ್ನು ಐದು ರೂಪಾಯಿಯ ಪೊಟ್ಟಣದಲ್ಲಿ ಹೇಗೆ ಒಪ್ಪಿಸುವುದೆಂಬ ಪ್ರಶ್ನೆಯೂ ಒಡನೆಯೇ ಎದ್ದಿತು. ನಾಲ್ಕು ರೂಪಾಯಿ ನಲವತ್ತೈದು ಪೈಸೆಯೆಂಬಂಥ ಬೆಲೆಗೆ ಚಿಲ್ಲರೆ ಕೊಡುವವರಾರು, ಕೊಳ್ಳುವವರಾರು? ಕೊನೆಗೆ ಹಳೆಯ ಬೆಲೆಯನ್ನೇ ಇರಿಸಿ ತೂಕವನ್ನು ಹೆಚ್ಚಿಸುವುದೇ ವ್ಯಾವಹಾರಿಕವೆಂದು ತಯಾರಕರು ನಿಶ್ಚಯಿಸಿದರು. ಗಿರಾಕಿಗೆ ತಿಳಿಯದಂತೆ ಕರಗಿಹೋದ ಗ್ರಾಮುಗಳಲ್ಲಿ ಒಂದಷ್ಟು ಹೀಗೆ ಹಿಂದಿರುಗಿ ಬಂದವು. ಎಷ್ಟು ಬಂದವೆಂಬುದನ್ನು ಹಳೆಯ ಮತ್ತು ಹೊಸ ಹೊದಿಕೆಗಳನ್ನು ಎದುರಿಗಿಟ್ಟುಕೊಂಡು ಓದುವ ತಾಳ್ಮೆಯುಳ್ಳವರು ಮಾತ್ರ ಬಲ್ಲರು. ಪೊಟ್ಟಣದ ಮೇಲೆ ಗ್ರಾಮಿಗೋ ಮಿಲಿಲೀಟರಿಗೋ ತಗಲುವ ಬೆಲೆಯನ್ನು ಮುದ್ರಿಸಬೇಕೆಂಬ ನಿಯಮವಿದೆ. ಅತ್ಯಂತ ನ್ಯಾಯವಾದ ಈ ನಿಯಮ ಅತ್ಯಂತ ಸಣ್ಣ ಅಕ್ಷರಗಳಲ್ಲಿ ಪಾಲನೆಯಾಗುತ್ತಿರುವುದು ವಿಷಾದಕರ.

ಇನ್ನು ಸರಕು ಮನೆ ಸೇರುವ ಮಾರ್ಗದ ವಿಚಾರ. ಕಾರ್ಖಾನೆಯಿಂದ ಹೊರಟ ಸಾಬೂನು ಡಿಪೋವನ್ನೂ, ಊರಿನ ವಿತರಕನನ್ನೂ, ಅನೇಕ ವೇಳೆ ಸಗಟು ವ್ಯಾಪಾರಿಯನ್ನೂ ಹಾದು, ದಿನಸಿ ಅಂಗಡಿಯನ್ನು, ಉತ್ತರ ಕರ್ನಾಟಕದವರು ಕಿರಾಣಿ ಅಂಗಡಿ ಎನ್ನುವುದನ್ನು, ಮುಟ್ಟುತ್ತದೆ. ದೇಶದಲ್ಲಿ ಇಂಥ ಅಂಗಡಿಗಳು ಒಂದು ಕೋಟಿಗೆ ಮೀರಿವೆಯೆಂದು ಅಂದಾಜು. ದಿನಬಳಕೆಯ ಪದಾರ್ಥಗಳ ಬಹುಪಾಲು ಮಾರಾಟ ಇಂದಿಗೂ ಇವುಗಳ ಮೂಲಕವೇ ನಡೆಯುತ್ತದೆ. ವಿತರಕನು ಕಂಪನಿಗೆ ಮುಂಗಡ ಹಣ ಕಟ್ಟಿ ಸರಕನ್ನು ತಂದು, ಅಂಗಡಿಯವನಿಗೆ ವಾರ ಹದಿನೈದು ದಿನಗಳ ಕಡ ಕೊಟ್ಟು, ಅಂಗಡಿಯವನು ಬೀದಿಯ ಸಂಸಾರಗಳಿಗೆ ತಿಂಗಳ ಉದ್ರಿ ಕೊಟ್ಟು, ಹೀಗೆ ಯಾವ ಬ್ಯಾಂಕಿನ ಪುಸ್ತಕದಲ್ಲಿಯೂ ಕಾಣದ ಸಾಲದ ಸರಪಣಿಯೊಂದು ಈ ಉದ್ಯಮವನ್ನು ಎತ್ತಿಹಿಡಿದಿದೆ. ಮನೆಯಲ್ಲಿ ಕಾಯಿಲೆಯಾದಾಗ, ಸಂಬಳ ತಡವಾದಾಗ, ಮಳೆ ಕೈಕೊಟ್ಟಾಗ, ಎಣ್ಣೆ ಬೇಳೆಗಳನ್ನು ಬರೆದುಕೊಂಡು ಕೊಡುವವನು ಈ ಅಂಗಡಿಯವನೇ. 2020ರ ಲಾಕ್‌ಡೌನ್ ಕಾಲದಲ್ಲಿ ಬೀದಿಯ ಅಂಗಡಿ ತೆರೆದಿದ್ದುದರಿಂದ ಎಷ್ಟು ಮನೆಗಳ ಒಲೆ ಉರಿಯಿತೆಂಬುದನ್ನು ನಾವು ಮರೆಯಲಾಗದು.

ಈ ಪುರಾತನ ಮಾರ್ಗಕ್ಕೆ ಎದುರಾಗಿ ಮೊದಲು ದೊಡ್ಡ ಮಳಿಗೆಗಳು ಬಂದವು, ಅನಂತರ ಅಂತರ್ಜಾಲದ ವ್ಯಾಪಾರ ಬಂದಿತು. ಇದರಲ್ಲಿ ಬೆಂಗಳೂರಿನ ಪಾತ್ರ ಹಿರಿದು: ಫ್ಲಿಪ್‌ಕಾರ್ಟ್ 2007ರಲ್ಲಿಯೂ, ದಿನಸಿಯನ್ನೇ ಮುಖ್ಯವಾಗಿರಿಸಿಕೊಂಡ ಬಿಗ್‌ಬ್ಯಾಸ್ಕೆಟ್ 2011ರಲ್ಲಿಯೂ ಇಲ್ಲಿಯೇ ಜನ್ಮ ತಾಳಿದವು, ಮೊದಲನೆಯದು 2018ರಲ್ಲಿ ಅಮೆರಿಕದ ವಾಲ್‌ಮಾರ್ಟಿನ ಕೈಗೂ, ಎರಡನೆಯದು 2021ರಲ್ಲಿ ಟಾಟಾ ಸಮೂಹದ ಕೈಗೂ ಹೋದವು. ಕಳೆದ ನಾಲ್ಕೈದು ವರ್ಷಗಳಲ್ಲಿಯಾದರೋ, ಬ್ಲಿಂಕಿಟ್, ಇನ್‌ಸ್ಟಾಮಾರ್ಟ್, ಜೆಪ್ಟೊ ಮೊದಲಾದವು ಹತ್ತಾರು ನಿಮಿಷಗಳಲ್ಲಿ ಸಾಮಾನು ತಲಪಿಸುವ ಪದ್ಧತಿಯನ್ನು ತಂದು, ಗಿರಾಕಿಗಳಿಗೆ ಪ್ರವೇಶವಿಲ್ಲದ ದಾಸ್ತಾನು ಮಳಿಗೆಗಳನ್ನು ಬಡಾವಣೆ ಬಡಾವಣೆಗಳಲ್ಲಿ ಸ್ಥಾಪಿಸಿ, ಮಹಾನಗರಗಳ ಖರೀದಿಯ ಅಭ್ಯಾಸವನ್ನೇ ಮಾರ್ಪಡಿಸಿವೆ. ತಿಂಗಳ ಸಾಮಾನಿನ ಚೀಟಿ ಹರಿದು ಚೂರಾಗಿ, ಈಗೊಂದು ಕೊತ್ತಂಬರಿ ಕಟ್ಟು, ಇನ್ನೊಂದು ಗಳಿಗೆಗೆ ಒಂದು ಪೇಸ್ಟು ಎಂಬಂತಾಗಿದೆ. ಕಂಪನಿಗಳಿಗೆ ಈ ಮಾರ್ಗ ಪ್ರಿಯ. ಏಕೆಂದರೆ ಇಲ್ಲಿ ದುಬಾರಿ ಸರಕು ಬೇಗ ಮಾರಾಟವಾಗುತ್ತದೆ, ಯಾರು ಏನನ್ನು ಕೊಂಡರೆಂಬುದು ತತ್‌ಕ್ಷಣ ತಿಳಿಯುತ್ತದೆ. ವಿತರಕರ ಅಖಿಲ ಭಾರತ ಒಕ್ಕೂಟವು ಈ ಸಂಸ್ಥೆಗಳು ನಷ್ಟಕ್ಕೆ ಮಾರಿ ಸಣ್ಣ ಅಂಗಡಿಗಳನ್ನು ಮುಚ್ಚಿಸುತ್ತಿವೆಯೆಂದು 2024ರಲ್ಲಿ ಸ್ಪರ್ಧಾ ಆಯೋಗಕ್ಕೆ ದೂರಿತು. ಆ ದೂರಿನಲ್ಲಿ ಹುರುಳಿದೆಯೆಂದೇ ನನ್ನ ಅಭಿಪ್ರಾಯ. ಹೊರಗಣ ಬಂಡವಾಳದ ಬಲದಿಂದ ವರ್ಷಗಟ್ಟಲೆ ನಷ್ಟವನ್ನು ಸಹಿಸಬಲ್ಲ ಸಂಸ್ಥೆಗೂ, ಒಂದು ತಿಂಗಳ ನಷ್ಟಕ್ಕೇ ಬಾಗಿಲು ಹಾಕಬೇಕಾಗುವ ಅಂಗಡಿಗೂ ನಡುವೆ ನಡೆಯುವುದನ್ನು ಸಮಾನರ ಸ್ಪರ್ಧೆಯೆನ್ನಲಾಗದು.

ಹೀಗಿರುವಲ್ಲಿ 2025ರ ಜುಲೈಯಲ್ಲಿ ನಮ್ಮ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯು ಯುಪಿಐ ಪಾವತಿಯ ದಾಖಲೆಗಳನ್ನು ಆಧರಿಸಿ ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಅಂಗಡಿಯವರಿಗೆ ಲಕ್ಷಗಟ್ಟಲೆ ರೂಪಾಯಿಗಳ ನೋಟೀಸು ಕೊಟ್ಟಾಗ, ಬೆಂಗಳೂರಿನ ಅನೇಕ ಅಂಗಡಿಗಳು ಮೊಬೈಲ್ ಪಾವತಿಯ ಫಲಕವನ್ನೇ ಕಿತ್ತು ನಗದು ಮಾತ್ರವೆಂದು ಬರೆದು ತೂಗುಹಾಕಿದವು. ಸರ್ಕಾರ ಹಿಂದಿನ ಬಾಕಿಯನ್ನು ಒತ್ತಾಯಿಸುವುದಿಲ್ಲವೆಂದು ಹೇಳಿದ ಮೇಲೆ ಉದ್ವೇಗ ತಗ್ಗಿತು. ತೆರಿಗೆ ಕಟ್ಟಬೇಕಾದವರು ಕಟ್ಟಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ನೋಂದಣಿಯ ವಿಧಿಗಳನ್ನು ಕನ್ನಡದಲ್ಲಿ ಸರಳವಾಗಿ ತಿಳಿಸಿ, ಬಳಿಕ ಲೆಕ್ಕ ಕೇಳುವ ಕ್ರಮವೇ ನ್ಯಾಯವಾದುದು. ಇದರ ಮಗ್ಗುಲಲ್ಲಿ ರಾಜ್ಯ ಮಾಡಿದ ಶ್ಲಾಘ್ಯ ಕಾರ್ಯವನ್ನೂ ಹೇಳಬೇಕು: ಮಳೆ ಬಿಸಿಲೆನ್ನದೆ ದ್ವಿಚಕ್ರವಾಹನದ ಮೇಲೆ ಸಾಮಾನು ಹೊತ್ತು ಓಡಾಡುವ ಯುವಕರಿಗಾಗಿ, ವೇದಿಕೆ ಆಧಾರಿತ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಯ ಕಾಯಿದೆ 2025ರಲ್ಲಿ ಬಂದಿತು. ಕಂಪನಿಗಳು ಪ್ರತಿ ವ್ಯವಹಾರದ ಮೇಲೆ ತೆರುವ ಶುಲ್ಕದಿಂದ ಕಲ್ಯಾಣನಿಧಿ ಬೆಳೆಯತಕ್ಕದ್ದು. ಹತ್ತು ನಿಮಿಷದ ಅನುಕೂಲಕ್ಕೆ ಆ ಯುವಕನ ಮೈಕೈ ಮೂಳೆಗಳು ಬೆಲೆ ತೆರುವುದನ್ನು ಯಾವ ಸಂಸ್ಕಾರವಂತ ಸಂಸಾರವೂ ಬಯಸದು.

ಗ್ರಾಮದ ಕಡೆಗೆ ತಿರುಗಿದರೆ ಬೇರೊಂದು ದೃಶ್ಯ. ಕೊರೋನಾ ತರುವಾಯದ ಎರಡು ವರ್ಷ ಹಳ್ಳಿಗಳ ಬೇಡಿಕೆ ಸೊರಗಿತ್ತು. 2024ರ ಆದಿಭಾಗದಿಂದ ಅದು ಚೇತರಿಸಿ, ಅನೇಕ ತ್ರೈಮಾಸಿಕಗಳಲ್ಲಿ ನಗರದ ಬೇಡಿಕೆಗಿಂತ ವೇಗವಾಗಿ ಬೆಳೆಯಿತು. ಒಳ್ಳೆಯ ಮುಂಗಾರುಗಳು ಇದಕ್ಕೆ ಒಂದು ಕಾರಣ. ಮಹಿಳೆಯರ ಖಾತೆಗೆ ನೇರವಾಗಿ ಜಮೆಯಾಗುವ ಹಣ ಇನ್ನೊಂದು. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಆರಂಭವಾದ ಗೃಹಲಕ್ಷ್ಮಿ ಯೋಜನೆಯಿಂದ ಕರ್ನಾಟಕದ ಒಂದು ಕೋಟಿಗೂ ಮಿಕ್ಕ ಮನೆಯೊಡತಿಯರಿಗೆ ತಿಂಗಳಿಗೆ ಎರಡು ಸಾವಿರ ರೂಪಾಯಿಯ ಹಕ್ಕು ಬಂದಿದೆ. ಮಧ್ಯಪ್ರದೇಶ, ಮಹಾರಾಷ್ಟ್ರಾದಿ ರಾಜ್ಯಗಳಲ್ಲಿಯೂ ಇಂಥ ಯೋಜನೆಗಳಿವೆ. ಇದರ ಹಣಕಾಸಿನ ಭಾರವನ್ನು ಕುರಿತು ವಾದಗಳಿರಬಹುದು. ಆದರೆ ಹೆಂಗಸಿನ ಕೈಗೆ ಬಂದ ಹಣ ಮೊದಲು ಹಾಲು, ಎಣ್ಣೆ, ಮಕ್ಕಳ ತಿಂಡಿ, ಸಾಬೂನುಗಳಿಗೆ ಹೋಗುತ್ತದೆಂಬುದನ್ನು ಯಾವ ಹಳ್ಳಿಯ ಅಂಗಡಿಯವನೂ ದೃಢಪಡಿಸಬಲ್ಲನು. ನಗರಗಳ ಮಧ್ಯಮವರ್ಗದ ಕೊಳ್ಳುವ ಶಕ್ತಿಯಾದರೋ, ಬಾಡಿಗೆ, ಶಾಲಾಶುಲ್ಕ, ಸಾಲದ ಕಂತುಗಳ ಒತ್ತಡದಿಂದ ಕುಗ್ಗಿತ್ತು; 2025ರ ಮುಂಗಡಪತ್ರದಲ್ಲಿ ಹನ್ನೆರಡು ಲಕ್ಷದವರೆಗಿನ ವರಮಾನಕ್ಕೆ ತೆರಿಗೆಯ ಹೊರೆ ಇಲ್ಲದಂತೆ ಮಾಡಿದುದು ಈ ಕುಗ್ಗುವಿಕೆಗೆ ನೀಡಿದ ಉತ್ತರವೆಂದು ಭಾವಿಸಬಹುದು. ಕೂಲಿಯ ದರವೂ ಸಣ್ಣ ಸಂಬಳವೂ ನಿಜಾರ್ಥದಲ್ಲಿ ಏರದೆ, ತೆರಿಗೆಯ ಇಳಿಕೆಯೊಂದರಿಂದಲೇ ಈ ಉದ್ಯಮ ಬಹುದೂರ ಸಾಗಲಾರದು.

ಪೊಟ್ಟಣದ ಒಳಗೆ ಏನಿದೆಯೆಂಬ ಪ್ರಶ್ನೆ ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಗುರುತರವಾದುದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನವು ದೇಶದಲ್ಲಿ ಹತ್ತು ಕೋಟಿಗೂ ಹೆಚ್ಚು ಜನ ಮಧುಮೇಹಿಗಳೆಂದೂ, ಇನ್ನೂ ಹದಿಮೂರು ಕೋಟಿಗೂ ಮಿಕ್ಕವರು ಅದರ ಹೊಸ್ತಿಲಿನಲ್ಲಿರುವರೆಂದೂ ತಿಳಿಸಿತು. ಇಷ್ಟಾದರೂ, ಸಕ್ಕರೆ ಬೆರೆತ ಪುಡಿಗಳು ಬೆಳೆಯುವ ಮಕ್ಕಳಿಗೆ ಆರೋಗ್ಯದ ಪಾನೀಯವೆಂಬ ಹೆಸರಿನಲ್ಲಿ ದಶಕಗಟ್ಟಲೆ ಮಾರಾಟವಾದವು. 2024ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಅಂತರ್ಜಾಲದ ಮಾರಾಟಗಾರರಿಗೆ ಆ ಹೆಸರಿನ ವರ್ಗದಿಂದ ಅವನ್ನು ತೆಗೆಯುವಂತೆ ಸೂಚಿಸಬೇಕಾಯಿತು. ಅತಿಸಾರದಿಂದ ಬಳಲುವ ಮಗುವಿಗೆ ಕೊಡುವ ಓಆರ್‌ಎಸ್ ಎಂಬ ಹೆಸರನ್ನು ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರಕ್ಕೆ ಹೊಂದದ ಸಿಹಿಪಾನೀಯಗಳಿಗೆ ಇಡುವುದನ್ನು 2025ರ ಅಕ್ಟೋಬರಿನಲ್ಲಿ ನಿಷೇಧಿಸಲಾಯಿತು. 2015ರ ಜೂನಿನಿಂದ ನವೆಂಬರ್‌ವರೆಗೆ ಮ್ಯಾಗಿ ನೂಡಲ್ಸ್ ನಿಷೇಧಕ್ಕೊಳಗಾಗಿ ಪೇಟೆಯಿಂದ ಮಾಯವಾಗಿದ್ದುದು, ಮುಂಬಯಿಯ ಉಚ್ಚ ನ್ಯಾಯಾಲಯ ಆ ನಿಷೇಧವನ್ನು ರದ್ದುಗೊಳಿಸಿದುದು, ಅದು ಮತ್ತೆ ಬಂದು ತನ್ನ ಸ್ಥಾನವನ್ನು ಗಳಿಸಿಕೊಂಡುದು ವಾಚಕರ ನೆನಪಿನಲ್ಲಿರಬಹುದು. ಅನುಮಾನ ಒಂದು ವಾರದಲ್ಲಿ ದೇಶವನ್ನೆಲ್ಲ ವ್ಯಾಪಿಸಬಲ್ಲದೆಂಬುದನ್ನು ಆ ಪ್ರಸಂಗ ಎಲ್ಲ ತಯಾರಕರಿಗೂ ಕಲಿಸಿತು. ದಕ್ಷಿಣ ಅಮೆರಿಕದ ಚಿಲಿ ದೇಶವು 2016ರಿಂದ ಸಕ್ಕರೆ, ಉಪ್ಪು, ಕೊಬ್ಬು ಅತಿಯಾಗಿರುವ ಪೊಟ್ಟಣದ ಮುಂಭಾಗದಲ್ಲಿ ಕಪ್ಪು ಅಷ್ಟಕೋನದ ಎಚ್ಚರಿಕೆಯನ್ನು ಕಡ್ಡಾಯ ಮಾಡಿದೆ. ನಮ್ಮಲ್ಲಿ 2022ರಲ್ಲಿ ನಕ್ಷತ್ರಗಳನ್ನು ಕೊಡುವ ಕರಡು ನಿಯಮವೊಂದು ಬಂದು, ಬಹಳ ಚರ್ಚೆಗೆ ಒಳಗಾಗಿ, ಅಂತಿಮ ರೂಪಕ್ಕಾಗಿ ಕಾಯುತ್ತ ಕುಳಿತಿತು. 2025ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ಅವಧಿ ಗೊತ್ತುಮಾಡಬೇಕಾಯಿತು. ಓದು ಬಾರದ ತಾಯಿಯೂ ಅರಿಯಬಲ್ಲ ಎಚ್ಚರಿಕೆಯ ಗುರುತೇ ಲೇಸು. ನಕ್ಷತ್ರವೆಂಬುದು ಕೆಟ್ಟದನ್ನೂ ಒಂದಿಷ್ಟು ಹೊಗಳುವ ಪದ್ಧತಿ.

ಹೊದಿಕೆಯ ವಿಷಯದಲ್ಲಿ 2022ರ ಜುಲೈ 1ರಿಂದ ಒಂದೇ ಬಳಕೆಯ ಕೆಲವು ಪ್ಲಾಸ್ಟಿಕ್ ವಸ್ತುಗಳು ನಿಷಿದ್ಧವಾದರೂ, ಹಲವು ಪದರಗಳ ಸ್ಯಾಶೆ ಆ ಪಟ್ಟಿಯಲ್ಲಿಲ್ಲ. ಅದನ್ನು ಕರಗಿಸಿ ಮತ್ತೆ ಬಳಸುವುದು ಕಷ್ಟ, ಹೆಕ್ಕುವವರಿಗೂ ಅದರಿಂದ ಕಾಸು ಹುಟ್ಟದು. ಬಡವರಿಗೆ ಶಾಂಪೂವನ್ನು ಒದಗಿಸಿದ ಪೊಟ್ಟಣವೇ ಬಡವರ ಕೇರಿಯ ಚರಂಡಿ ಕಟ್ಟಿಕೊಳ್ಳುವಂತೆ ಮಾಡುತ್ತಿದೆ. ತಯಾರಕರೇ ಅದನ್ನು ಹಿಂದಕ್ಕೆ ಸಂಗ್ರಹಿಸಬೇಕೆಂಬ ವಿಧಿ ಕಾಗದದ ಮೇಲಿದೆ.

ಒಡೆತನದ ವಿಷಯವೂ ಚಿಂತನಾರ್ಹ. 1924ರಲ್ಲಿ ಬೆಂಗಳೂರಿನಲ್ಲಿ ಹೋಟೆಲಾಗಿ ಹುಟ್ಟಿ, ತುರ್ತುಪರಿಸ್ಥಿತಿಯ ಬೆಲೆನಿಯಂತ್ರಣದ ಕಾಲದಲ್ಲಿ ದಿಢೀರ್ ತಿಂಡಿಗಳ ಮಿಶ್ರಣದ ಕಡೆಗೆ ಹೊರಳಿದ ಎಂ.ಟಿ.ಆರ್.ನ ತಿಂಡಿ ಮಿಶ್ರಣಗಳ ಉದ್ಯಮ 2007ರಲ್ಲಿ ನಾರ್ವೆಯ ಆರ್ಕ್ಲಾ ಸಂಸ್ಥೆಯ ಸ್ವತ್ತಾಯಿತು. ಅಂತರ್ಜಾಲವನ್ನೇ ಅಂಗಡಿಯಾಗಿಸಿಕೊಂಡು ಎದ್ದ ಹೊಸ ಹೆಸರುಗಳನ್ನು ಹಳೆಯ ದೈತ್ಯರು ಕೊಂಡುಕೊಳ್ಳುತ್ತಿದ್ದಾರೆ: ಜಯಪುರದ ಮಿನಿಮಲಿಸ್ಟಿನ ಬಹುಪಾಲನ್ನು ಹಿಂದೂಸ್ತಾನ್ ಯೂನಿಲಿವರ್ ಖರೀದಿಸುವುದಾಗಿ 2025ರ ಜನವರಿಯಲ್ಲಿ ಘೋಷಿಸಿತು, ಬೆಂಗಳೂರಿನ ಯೋಗಾಬಾರನ್ನು ಐಟಿಸಿ ಸೇರಿಸಿಕೊಂಡಿತು. ಹತ್ತು ರೂಪಾಯಿಯ ಬಾಟಲಿಯೊಡನೆ ಹಳೆಯ ತಂಪುಪಾನೀಯ ಕ್ಯಾಂಪಾವನ್ನು ಮರಳಿ ತಂದ ರಿಲಯನ್ಸ್, ನಿರ್ಮಾದ ಪಾಠವನ್ನು ತಾನು ಕಲಿತಿರುವುದಾಗಿ ತೋರಿಸಿದೆ. ಆದರೆ ಸೈಕಲ್ಲಿನ ಮೇಲೆ ಹೊರಟ ಸಾಹಸಿಗೂ ಮಳಿಗೆ, ದೂರವಾಣಿ, ಬಂಡವಾಳಗಳೆಲ್ಲವನ್ನೂ ಕೈಯಲ್ಲಿ ಹಿಡಿದ ಸಮೂಹಕ್ಕೂ ಇರುವ ಅಂತರವನ್ನು ಸ್ಪರ್ಧಾ ಆಯೋಗ ಸದಾ ಲಕ್ಷಿಸುತ್ತಿರಬೇಕು. ಇಷ್ಟರ ನಡುವೆಯೂ ಇಡ್ಲಿ ದೋಸೆಯ ಹಿಟ್ಟನ್ನೇ ಉದ್ಯಮವಾಗಿಸಿ 2005ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಐಡಿ, ಅದೇ ಹಿಟ್ಟನ್ನು 2024ರ ಡಿಸೆಂಬರಿನಲ್ಲಿ ಪೇಟೆಗೆ ತಂದ ನಂದಿನಿ, ಇವು ಸ್ಥಳೀಯವಾದ ರುಚಿಗೆ ಇನ್ನೂ ವಿಶಾಲ ಕ್ಷೇತ್ರವಿದೆಯೆಂಬುದಕ್ಕೆ ಪ್ರಮಾಣ. ನಂದಿನಿಯ ಲಾಭ ಹಾಲು ಹಾಕುವ ರೈತಕುಟುಂಬಕ್ಕೆ ಮರಳುವುದರಿಂದ, ಅದರ ಬೆಳವಣಿಗೆಯನ್ನು ನಾವು ಹೆಚ್ಚಿನ ಮಮತೆಯಿಂದ ನೋಡುವುದು ಸಹಜ.

ಮೈಸೂರು ಸ್ಯಾಂಡಲ್ ಸೋಪನ್ನು ಮಾಡುವ ಸರ್ಕಾರಿ ಸಂಸ್ಥೆಯ ವಾರ್ಷಿಕ ವ್ಯವಹಾರ ಈಚೆಗೆ 1,500 ಕೋಟಿ ರೂಪಾಯಿಯನ್ನು ದಾಟಿದೆ. ನೂರು ವರ್ಷ ಮೀರಿದ ಸಾಬೂನು ಇಂದಿಗೂ ಲಾಭ ತರುತ್ತಿದೆ. ಅದರ ಕೊರತೆ ಗಂಧದ ಮರದ್ದು. ಶತಮಾನಗಳ ಕಾಲ ಮರ ಸರ್ಕಾರದ್ದೆಂಬ ಕಟ್ಟಳೆಯಿಂದ ಗಂಧ ಬೆಳೆಸುವ ಆಸೆಯೇ ರೈತನಿಗಿರಲಿಲ್ಲ. 2001ರ ತಿದ್ದುಪಡಿಯಿಂದ ಬೆಳೆದವನೇ ಒಡೆಯನಾದನಾದರೂ, ಕಳ್ಳರ ಭಯ ಮತ್ತು ಕಡಿಯಲು ಬೇಕಾದ ಅನುಮತಿಗಳ ತೊಡಕು ಇನ್ನೂ ನೀಗಿಲ್ಲ. ಪ್ರಸಿದ್ಧ ನಟನಟಿಯರ ಜಾಹೀರಾತಿಗೆ ಕೋಟಿಗಟ್ಟಲೆ ಸುರಿಯುವ ಮುನ್ನ, ಗಂಧ ಬೆಳೆಯುವ ರೈತನ ಬೇಲಿಗೂ ಕಾವಲಿಗೂ ಒಂದು ಪಾಲನ್ನು ಕೊಟ್ಟರೆ ಸಂಸ್ಥೆಯ ಮುಂದಿನ ನೂರು ವರ್ಷ ಭದ್ರವಾದೀತು.

ಮುಂಬರುವ ದಶಕದಲ್ಲಿ ಈ ಉದ್ಯಮ ಬೆಳೆಯುವುದರಲ್ಲಿ ನನಗೆ ಸಂಶಯವಿಲ್ಲ. ದೇಶ ಇನ್ನೂ ತರುಣವಾಗಿದೆ, ತಲಾ ಬಳಕೆ ಇನ್ನೂ ಅಲ್ಪವಾಗಿದೆ, ಹಳ್ಳಿಯ ರಸ್ತೆ ಮತ್ತು ವಿದ್ಯುತ್ತು ಸುಧಾರಿಸಿವೆ. ಮಹಾನಗರಗಳಲ್ಲಿ ದುಬಾರಿ ಸರಕು ಹತ್ತು ನಿಮಿಷದ ಮಾರ್ಗವನ್ನೂ, ಸಣ್ಣ ಊರುಗಳಲ್ಲಿ ಐದು ಹತ್ತು ರೂಪಾಯಿಯ ಪೊಟ್ಟಣ ದಿನಸಿ ಅಂಗಡಿಯ ಮಾರ್ಗವನ್ನೂ ಹಿಡಿದು, ಪೇಟೆ ಎರಡಾಗಿ ಸೀಳುವ ಲಕ್ಷಣಗಳಿವೆ. ಎರಡನೆಯ ಪೇಟೆಯೇ ಜನಸಂಖ್ಯೆಯಲ್ಲಿ ದೊಡ್ಡದು. ಅಲ್ಲಿಯ ತೂಕ ಮತ್ತು ಗುಣಗಳ ಮೇಲಣ ಕಾವಲೇ ದುರ್ಬಲವಾಗಿದೆ. ಆದಕಾರಣ ಮೂರು ಕಾರ್ಯಗಳಿಗೆ ವಿಳಂಬ ಸಲ್ಲದು: ಗ್ರಾಮಿನ ಬೆಲೆಯನ್ನು ಪೊಟ್ಟಣದ ಮುಂಭಾಗದಲ್ಲಿ, ಮಾರಾಟದ ಬೆಲೆಯಷ್ಟೇ ದೊಡ್ಡ ಅಂಕಿಗಳಲ್ಲಿ ಅಚ್ಚುಮಾಡಿಸುವುದು, ಸಕ್ಕರೆ ಉಪ್ಪುಗಳ ಎಚ್ಚರಿಕೆಯ ಗುರುತನ್ನು ಕಡ್ಡಾಯಗೊಳಿಸುವುದು, ಕರ್ನಾಟಕದಲ್ಲಿ ಮಾರುವ ಪೊಟ್ಟಣದ ಮೇಲೆ ಒಳಗಣ ಪದಾರ್ಥಗಳ ಪಟ್ಟಿ ಕನ್ನಡದಲ್ಲಿಯೂ ಇರುವಂತೆ ಮಾಡುವುದು. ಇವನ್ನು ಕಂಪನಿಗಳು ತಾವಾಗಿ ಮಾಡಿಯಾವೆಂದು ಕಾಯುವುದು ವ್ಯರ್ಥ. ತಾಲ್ಲೂಕು ಕೇಂದ್ರಗಳಲ್ಲಿರುವ ಬಳಕೆದಾರರ ವೇದಿಕೆಗಳೂ ಸ್ತ್ರೀಶಕ್ತಿ ಸಂಘಗಳೂ ತಮ್ಮ ಮುಂದಿನ ಸಭೆಯಲ್ಲಿಯೇ ಈ ಮೂರು ಬೇಡಿಕೆಗಳನ್ನು ನಿರ್ಣಯವಾಗಿ ಬರೆದು, ತಮ್ಮ ಶಾಸಕರಿಗೂ ಲೋಕಸಭಾ ಸದಸ್ಯರಿಗೂ ಕಳುಹಿಸಬೇಕೆಂದು ಕೋರುತ್ತೇನೆ.